ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಲ್ಲುಗಳಲ್ಲಿ ಭೂಮಿಯ ಇತಿಹಾಸ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಾದಾಮಿಯ ಬಂಡೆಗಳಲ್ಲಿ ಡೈನೋಸಾರ್ ಮೂಳೆ ಸಿಗುತ್ತದೆಯೇ? ಇಲ್ಲ, ಸಿಗಲು ಸಾಧ್ಯವೂ ಇಲ್ಲ. ಆ ಮರಳುಗಲ್ಲು ಆಗುವಾಗ ಮೂಳೆ ಇರುವ ಪ್ರಾಣಿಯೇ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಪಳೆಯುಳಿಕೆ ಹುಡುಕಲು ಹೊರಡುವವರು ಮೊದಲು ಇದನ್ನು ಒಪ್ಪಿಕೊಂಡರೆ ಅರ್ಧ ನಿರಾಸೆ ತಪ್ಪುತ್ತದೆ. ಇಲ್ಲಿ ಬಹಳ ಹಳೆಯ ಕಲ್ಲು ಇದೆ, ಸಾಕಷ್ಟು ಹೊಸ ಕಲ್ಲೂ ಇದೆ. ನಡುವೆ ಕನಿಷ್ಠ 47 ಕೋಟಿ ವರ್ಷಗಳ ಕಲ್ಲೇ ಇಲ್ಲ. ಮೀನು, ಜರೀಗಿಡ, ಕಲ್ಲಿದ್ದಲಿನ ಕಾಡು, ಡೈನೋಸಾರ್ ಎಲ್ಲ ಬಂದದ್ದು ಈ ಖಾಲಿಯಲ್ಲೇ. ಇರುವುದನ್ನು ಗುರುತಿಸುವುದು, ಇಲ್ಲದ್ದು ಎಲ್ಲಿ ಇಲ್ಲ ಎಂದು ಬೆರಳಿಟ್ಟು ತೋರಿಸುವುದು, ಎರಡನ್ನೂ ಕಲಿಯಬೇಕು.

ಹಂತ 1: ಕಾಲವನ್ನು ಹಗ್ಗದಲ್ಲಿ ಅಳೆಯಿರಿ

ಕೋಟಿ ವರ್ಷಗಳ ಲೆಕ್ಕ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. 46 ಮೀಟರ್ ಉದ್ದದ ಹತ್ತಿಯ ಲಾಡಿ ಅಥವಾ ಹಗ್ಗ ತನ್ನಿ. ನೈಲಾನ್ ಬೇಡ, ಎಳೆದರೆ ಹಿಗ್ಗಿ ಗುರುತುಗಳೆಲ್ಲ ಸರಿಯುತ್ತವೆ. ಶಾಲೆಯ ಮೈದಾನದಲ್ಲಿ ಹಾಸಿ, 1 ಮೀಟರ್‌ಗೆ 10 ಕೋಟಿ ವರ್ಷ ಎಂದು ಇಟ್ಟುಕೊಳ್ಳಿ. ಆಗ 1 ಸೆಂ.ಮೀ. ಎಂದರೆ 10 ಲಕ್ಷ ವರ್ಷ, 1 ಮಿ.ಮೀ. ಎಂದರೆ 1 ಲಕ್ಷ. ಒಂದು ತುದಿಗೆ ‘ಇಂದು’ ಎಂದು ಚೀಟಿ ಕಟ್ಟಿ, ಎಲ್ಲ ಅಳತೆಯನ್ನೂ ಅಲ್ಲಿಂದಲೇ ತೆಗೆಯಿರಿ. ಕೆಲವನ್ನು ಭೂಮಿ ಹುಟ್ಟಿದ ಕಡೆಯಿಂದ, ಕೆಲವನ್ನು ಇಂದಿನ ಕಡೆಯಿಂದ ಅಳೆದು ಗೊಂದಲ ಮಾಡಿಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಭೂಮಿ ಹುಟ್ಟಿದ್ದು 45.4 ಮೀಟರ್‌ಗೆ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸಿಕ್ಕಿರುವ ಅತಿ ಹಳೆಯ ಜೀವಿಗಳ ಕುರುಹು 34.8 ಮೀಟರ್‌ಗೆ. ಇಳಕಲ್ಲಿನ ಕೆಂಪು ಗ್ರಾನೈಟ್ ಸುಮಾರು 25 ಮೀಟರ್‌ಗೆ. ಗಾಳಿಯಲ್ಲಿ ಆಮ್ಲಜನಕ ಏರತೊಡಗಿದ್ದು 24 ಮೀಟರ್ ಹತ್ತಿರ. ಚಿಪ್ಪು, ಕಾಲು, ಕಣ್ಣು ಇರುವ ಪ್ರಾಣಿಗಳು ದಂಡಿಯಾಗಿ ಕಾಣಿಸಿಕೊಳ್ಳುವ ಕ್ಯಾಂಬ್ರಿಯನ್ ಯುಗದ ಆರಂಭ 5.39 ಮೀಟರ್‌ಗೆ, ಅಂದರೆ ಹಗ್ಗದ ಎಂಟರಲ್ಲಿ ಏಳು ಪಾಲು ಮುಗಿದ ಮೇಲೆ. ಭೂಮಿಯ ಹೆಚ್ಚಿನ ಜೀವಿಗಳು ಅಳಿದ, ಪರ್ಮಿಯನ್ ಯುಗದ ಕೊನೆಯ ಮಹಾವಿನಾಶ 2.52 ಮೀಟರ್‌ಗೆ. ಡೈನೋಸಾರ್‌ಗಳ ಅಂತ್ಯ 66 ಸೆಂ.ಮೀ.ಗೆ, ವಿಜಯಪುರದ ಕರಿಕಲ್ಲಿನ ಲಾವಾ ಹರಿದದ್ದೂ ಅದೇ ಹೊತ್ತಿಗೆ. ಹಿಮಯುಗಗಳ ಕಾಲ 2.6 ಸೆಂ.ಮೀ.ನಿಂದ ಈಚೆಗೆ. ಮನುಷ್ಯ ಜಾತಿಗೆ ಸಿಗುವುದು ಕೊನೆಯ 3 ಮಿ.ಮೀ. ಮಾತ್ರ, ಅದನ್ನು ಸ್ಕೆಚ್ ಪೆನ್ನಿನ ಒಂದು ಗೀಟಿನಲ್ಲಿ ತೋರಿಸಬಹುದು.

ಈಗ ನಮ್ಮ ಜಿಲ್ಲೆಗಳಲ್ಲಿ ಕಲ್ಲು ಇರುವ ಭಾಗಕ್ಕೆ ಬಣ್ಣದ ಟೇಪು ಸುತ್ತಿ. 5.39 ಮೀಟರ್‌ನಿಂದ 66 ಸೆಂ.ಮೀ. ತನಕ ಹಗ್ಗ ಬರಿದಾಗಿಯೇ ಉಳಿಯುತ್ತದೆ. ಆ ಕಾಲದ ಪಳೆಯುಳಿಕೆ ನೋಡಬೇಕೆಂದರೆ ಸಮುದ್ರದ ಚಿಪ್ಪಿಗೆ ತಮಿಳುನಾಡಿನ ಅರಿಯಲೂರು ಅಥವಾ ಕಚ್ಛ್, ಡೈನೋಸಾರ್ ಮೊಟ್ಟೆಗೆ ಗುಜರಾತಿನ ರಯೋಲಿ ಎಂದು ದೂರದ ದಾರಿ ಹಿಡಿಯಬೇಕು.

ಹಂತ 2: ನಕ್ಷೆ ನೋಡದೆ ಗಾಡಿ ಹತ್ತಬೇಡಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ’ ಜಾಲತಾಣದಲ್ಲಿ ಶಿಲಾನಕ್ಷೆಗಳು ಪುಕ್ಕಟೆ ಸಿಗುತ್ತವೆ. ಸರ್ವೆ ಆಫ್ ಇಂಡಿಯಾದ ಹಾಳೆ ಸಂಖ್ಯೆಗಳು ಗೊತ್ತಿದ್ದರೆ ಹುಡುಕುವುದು ಸುಲಭ: ವಿಜಯಪುರ, ಬಾಗಲಕೋಟೆ 47ಪಿ, ಗೋಕಾಕ 47ಎಲ್, ಬೆಳಗಾವಿ ನಗರ 48ಐ, ಬಾದಾಮಿ 48ಎಂ, ಇಳಕಲ್ 57ಎ.

ನಕ್ಷೆಯಲ್ಲಿ ಬಣ್ಣ ಎಷ್ಟೇ ಇದ್ದರೂ ಆರಂಭಕ್ಕೆ ನಾಲ್ಕು ಕಟ್ಟು ನೆನಪಿಟ್ಟರೆ ಸಾಕು. ಎಲ್ಲಕ್ಕೂ ಕೆಳಗಿನದು ಗ್ರಾನೈಟ್, ಶಾಖ ಮತ್ತು ಒತ್ತಡಕ್ಕೆ ರೂಪ ಬದಲಿಸಿದ ನೈಸ್ ಮತ್ತು ಶಿಸ್ಟ್‌ಗಳ ತಳಪಾಯ. ಇಳಕಲ್, ಹುನಗುಂದ ಕಡೆ ಇದು ಬಯಲಾಗಿದೆ. ಇದರಲ್ಲಿ ಪಳೆಯುಳಿಕೆ ಹುಡುಕಬೇಡಿ. ಅದರ ಮೇಲೆ ಕಲಾದಗಿ ಜಲಾನಯನದ (ಹಿಂದೊಮ್ಮೆ ನೀರು ನಿಂತು ಮರಳು, ಕೆಸರು ತುಂಬಿದ ತಗ್ಗಿನ) ಪದರುಗಲ್ಲು. ಇದರಲ್ಲಿ ಎರಡು ಭಾಗ: ಕೆಳಗೆ ಬಾಗಲಕೋಟೆ ಗುಂಪು, ಮೇಲೆ ಬಾದಾಮಿ ಗುಂಪು. ಬಾಗಲಕೋಟೆ ಗುಂಪನ್ನು ಸೀಳಿಕೊಂಡು ಬಂದ ಮಲ್ಲಾಪುರದ ಅಗ್ನಿಶಿಲೆಯ ವಯಸ್ಸು ಸುಮಾರು 115 ಕೋಟಿ ವರ್ಷ ಎಂದು, ಕಲ್ಲಿನಲ್ಲಿ ಕೂಡಿದ ಆರ್ಗಾನ್ ಅನಿಲ ಅಳೆಯುವ ವಿಧಾನದಿಂದ ತಿಳಿದಿದೆ. ಸೀಳಿಸಿಕೊಂಡ ಕಲ್ಲು ಅದಕ್ಕಿಂತ ಹಳೆಯದೇ ಆಗಿರಬೇಕಲ್ಲ. ಬಾದಾಮಿ ಗುಂಪು ಈಚಿನದು, ಆದರೆ ಅದೂ ಕ್ಯಾಂಬ್ರಿಯನ್‌ಗಿಂತ ಹಿಂದಿನದು. ತಾಳಿಕೋಟೆ ಕಡೆ ಭೀಮಾ ಜಲಾನಯನದ ಸುಣ್ಣದ ಕಲ್ಲು ಬರುತ್ತದೆ; ಮನೆಗೆ ಹಾಸುವ ಶಹಾಬಾದ್ ಫರಸಿಯ ಬಳಗವೇ ಅದು. ಮೂರನೆಯ ಕಟ್ಟು ದಖನ್ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲು: ವಿಜಯಪುರ, ಜಮಖಂಡಿ, ಬೆಳಗಾವಿಯ ಉತ್ತರ ಭಾಗ. ಕೊನೆಯದು ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಹಳೆಯ ಮೆಕ್ಕಲು.

ಹಂತ 3: ಚೀಲ ಮತ್ತು ಆ್ಯಸಿಡ್

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಉಕ್ಕಿನ ಚಾಕು, ಅಯಸ್ಕಾಂತ, ನೀರು ಸಿಂಪಡಿಸುವ ಬಾಟಲಿ, 15 ಸೆಂ.ಮೀ. ಪಟ್ಟಿ, ದಿಕ್ಸೂಚಿ, ಹಳೆಯ ದಿನಪತ್ರಿಕೆ, ಜಿಪ್ ಚೀಲ, ಅಳಿಸದ ಮಾರ್ಕರ್. ಸುತ್ತಿಗೆ ಒಯ್ದರೂ ಬಿದ್ದ ಕಲ್ಲಿನ ಮೇಲಷ್ಟೇ ಬಳಸಿ, ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ರಕ್ಷಿತ ಸ್ಮಾರಕಗಳ ಆವರಣದಲ್ಲಿ ಸುತ್ತಿಗೆ, ಚಾಕು, ಆ್ಯಸಿಡ್ ಮೂರನ್ನೂ ಹೊರಗೆ ತೆಗೆಯಬಾರದು. ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ.

ಸುಣ್ಣದ ಕಲ್ಲು, ಡೋಲೊಮೈಟ್ (ಮೆಗ್ನೀಸಿಯಂ ಸೇರಿದ ಸುಣ್ಣದ ಕಲ್ಲು), ಮರಳುಗಲ್ಲು ಬೇರ್ಪಡಿಸಲು ಹೈಡ್ರೋಕ್ಲೋರಿಕ್ ಆಮ್ಲದ ತಿಳಿ ದ್ರಾವಣ ಬೇಕು. 33ರಿಂದ 35 ಶೇಕಡಾ ಎಂದು ಚೀಟಿ ಇರುವ ಆಮ್ಲ 1 ಪಾಲು, ನೀರು 3 ಪಾಲು ಸೇರಿಸಿದರೆ ಸುಮಾರು 9 ಶೇಕಡಾ ಆಗುತ್ತದೆ. ಬಯಲಲ್ಲಿ ನಿಂತು, ರಬ್ಬರ್ ಕೈಗವಸು ಹಾಕಿ, ಮೊದಲು ನೀರು ತೆಗೆದುಕೊಂಡು ಅದಕ್ಕೆ ಆಮ್ಲವನ್ನು ನಿಧಾನವಾಗಿ ಹಾಕಿ. ಆಮ್ಲಕ್ಕೆ ನೀರು ಸುರಿದರೆ ಒಮ್ಮೆಲೇ ಕಾದು ಮುಖಕ್ಕೆ ಸಿಡಿಯುತ್ತದೆ. ಬ್ಯಾಟರಿಗೆ ಹಾಕುವ ಆ್ಯಸಿಡ್ ಬೇರೆ, ಅದನ್ನು ತರಬೇಡಿ. ಚೀಟಿ ಇಲ್ಲದ ಬಾಟಲಿಯೂ ಬೇಡ. 30 ಮಿ.ಲೀ.ನ ಪ್ಲಾಸ್ಟಿಕ್ ಡ್ರಾಪರ್ ಬಾಟಲಿ ಒಂದು ದಿನಕ್ಕೆ ಹೆಚ್ಚೇ ಆಯಿತು.

ಒಂದು ಹನಿ ಬಿಟ್ಟ ಕೂಡಲೇ ಬುರುಗು ಎದ್ದರೆ ಸುಣ್ಣದ ಕಲ್ಲು. ಏನೂ ಆಗದಿದ್ದರೆ ಚಾಕುವಿನಿಂದ ಕೆರೆದು, ಆ ಪುಡಿಯ ಮೇಲೆ ಇನ್ನೊಂದು ಹನಿ ಬಿಡಿ. ಪುಡಿ ಮೆಲ್ಲಗೆ ಗುಳ್ಳೆ ಬಿಟ್ಟರೆ ಡೋಲೊಮೈಟ್. ಚಾಕುವಿನಿಂದ ಗೀರೇ ಬೀಳದೆ, ಉಕ್ಕಿನ ಕಪ್ಪು ಗೆರೆ ಕಲ್ಲಿನ ಮೇಲೆ ಉಳಿದರೆ ಕ್ವಾರ್ಟ್‌ಜೈಟ್ (ಬಿಗಿಯಾಗಿ ಬೆಸೆದ ಮರಳುಗಲ್ಲು) ಅಥವಾ ಚರ್ಟ್ (ನುಣುಪಾದ ಸಿಲಿಕಾ ಕಲ್ಲು). ಪರೀಕ್ಷೆ ಕೆಡುವುದು ಹೆಚ್ಚಾಗಿ ಎರೆ ಹೊಲದ ಬದಿಯಲ್ಲಿ: ಮಣ್ಣಿನ ಸುಣ್ಣ ಕಲ್ಲಿನ ಮೈಗೆ ತೆಳ್ಳಗೆ ಅಂಟಿರುತ್ತದೆ, ಬಸಾಲ್ಟ್ ಕೂಡ ಬುರುಗು ಬಿಟ್ಟ ಹಾಗೆ ಕಾಣುತ್ತದೆ. ಒಡೆದ ಹೊಸ ಮುಖದ ಮೇಲೆ ಹನಿ ಬಿಡಿ.

ಹಂತ 4: ಕಲ್ಲಿನ ಮುಂದೆ ನಿಂತಾಗ

ಮೊದಲು ಹತ್ತು ಹೆಜ್ಜೆ ಹಿಂದೆ ಸರಿದು ಪದರಗಳ ಗೆರೆ ನೋಡಿ. ಅಡ್ಡಕ್ಕಿವೆಯೋ, ಓರೆಯಾಗಿವೆಯೋ? 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೊಲಾಸ್ ಸ್ಟೆನೊ ಹೇಳಿದ ನಿಯಮಗಳಿಂದಲೇ ಇಂದಿಗೂ ಕೆಲಸ ಶುರು: ಕೆಳಗಿನ ಪದರು ಹಳೆಯದು, ಮೇಲಿನದು ಹೊಸದು; ಕೆಸರು, ಮರಳು ಮೊದಲು ಮಟ್ಟಸವಾಗಿ ಕೂಡುತ್ತವೆ, ಓರೆಯಾಗಿದ್ದರೆ ಆಮೇಲೆ ಏನೋ ಆಗಿದೆ.

ಇದನ್ನು ಕಣ್ಣಾರೆ ನೋಡಲು ರಾಮದುರ್ಗದ ಸುತ್ತಲಿನ ಗುಡ್ಡಗಳಿಗಿಂತ ಒಳ್ಳೆಯ ಜಾಗ ನಮ್ಮಲ್ಲಿ ಕಡಿಮೆ. ಕೆಳಗೆ ಬಾಗಲಕೋಟೆ ಗುಂಪಿನ ಪದರಗಳು ಓರೆಯಾಗಿ ಎದ್ದು ನಿಂತಿವೆ. ಅವುಗಳ ತಲೆ ಸವೆದು ಸಮನಾದ ಮೇಲೆ ಬಾದಾಮಿ ಗುಂಪಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿವೆ. ಆ ಗಡಿಯ ಮೇಲೆ ಬೆರಳಿಟ್ಟರೆ ಬೆರಳಿನ ದಪ್ಪದಲ್ಲೇ ಇಷ್ಟೆಲ್ಲ ನಡೆದಿದೆ: ಕೆಸರು ಕೂಡಿತು, ಗಟ್ಟಿಯಾಯಿತು, ಮಡಿಚಿತು, ಮೇಲೆದ್ದಿತು, ಸವೆಯಿತು, ಮತ್ತೆ ಮುಳುಗಿತು. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಇಂಥದೇ ಗಡಿ ನೋಡಿ, ಭೂಮಿಗೆ ಊಹೆಗೂ ಮೀರಿದ ವಯಸ್ಸಾಗಿದೆ ಎಂದು ವಾದಿಸಿದ್ದ. ಗಡಿ ಹುಡುಕುವಾಗ ಗುಂಡುಕಲ್ಲುಗಳು ಸೇರಿ ಗಟ್ಟಿಯಾದ ಕಾಂಗ್ಲೊಮರೇಟ್ ಪದರಿಗಾಗಿ ನೋಡಿ. ಅದರೊಳಗಿನ ಗುಂಡುಕಲ್ಲು ಯಾವ ಕಲ್ಲಿನದೋ ಆ ಕಲ್ಲು ಮೊದಲೇ ಇತ್ತು ಎಂಬುದು ಖಾತ್ರಿ.

ಓರೆ ಅಳೆಯಲು ಮೊಬೈಲಿನ ಕ್ಲಿನೋಮೀಟರ್ ಆ್ಯಪ್ ಸಾಕು. ನೋಟ್‌ಬುಕ್ಕನ್ನು ಪದರದ ಮೇಲಿಟ್ಟು, ಅದರ ಮೇಲೆ ಮೊಬೈಲ್ ಇಟ್ಟು, ಅತಿ ಹೆಚ್ಚು ಇಳಿಜಾರು ತೋರುವ ದಿಕ್ಕಿಗೆ ತಿರುಗಿಸಿ. ಒಂದೇ ಪದರದಲ್ಲಿ 3 ಕಡೆ ಅಳೆದು ಬರೆದುಕೊಳ್ಳಿ. 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನೀವು ಕೂತಿರುವುದು ಪದರದ ಮೇಲಲ್ಲ, ಬಿರುಕಿನ ಮೇಲೆ ಅಥವಾ ಉರುಳಿ ಬಂದ ಬಂಡೆಯ ಮೇಲೆ. ಅಯಸ್ಕಾಂತ ಇರುವ ಮೊಬೈಲ್ ಕವರ್ ದಿಕ್ಕು ಕೆಡಿಸುತ್ತದೆ. ಬಸಾಲ್ಟ್‌ನಲ್ಲಿ ಕಬ್ಬಿಣದ ಖನಿಜ ಇರುವುದರಿಂದ ಅದಕ್ಕೆ ತಾಗಿಸಿ ದಿಕ್ಸೂಚಿ ಓದಬಾರದು, ಎದೆಯೆತ್ತರಕ್ಕೆ ಹಿಡಿದು ಓದಿ.

ಬಾದಾಮಿಯ ಮರಳುಗಲ್ಲಿನಲ್ಲಿ ನೋಡಬೇಕಾದ್ದು ಓರೆಗೆರೆಗಳು ಮತ್ತು ಅಲೆಗುರುತು. ದಪ್ಪ ಪದರದೊಳಗೆ ಸಣ್ಣ ಗೆರೆಗಳು ಒಂದೇ ಕಡೆ ಓರೆಯಾಗಿ ಇಳಿದು, ಮೇಲ್ತುದಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತವೆ. ಅವು ಇಳಿಯುವ ದಿಕ್ಕಿಗೇ ಅಂದಿನ ನೀರು ಹರಿದಿತ್ತು. ಕತ್ತರಿಸಿದ ತುದಿ ಇರುವ ಕಡೆ ಪದರದ ಮೇಲ್ಭಾಗ. ಅಲೆಗುರುತಿನಲ್ಲಿ ಒಂದು ಏಣಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಎತ್ತರ ಎಷ್ಟು ಎಂದು ಕನಿಷ್ಠ 10 ಕಡೆ ಅಳೆಯಿರಿ. ಎರಡೂ ಬದಿ ಸಮವಿದ್ದರೆ ದಡದಲ್ಲಿ ಹಿಂದೆ ಮುಂದೆ ತೂಗಿದ ಅಲೆ. ಒಂದು ಬದಿ ಕಡಿದಾಗಿದ್ದರೆ ಹರಿವು ಆ ಬದಿಗೆ. ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ಮೇಲೆ ಹೋಗಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನೆರಳು ಬೀಳದ ಕಾರಣ ಎದುರಿಗಿದ್ದರೂ ಕಾಣುವುದಿಲ್ಲ, ಫೋಟೊದಲ್ಲಂತೂ ಏನೂ ಬರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಶಾಸನ ಕೆತ್ತನೆಯ ಕಾಲ ಹೇಳುತ್ತದೆ, ಕಲ್ಲಿನ ಕಾಲ ಅಲ್ಲ. ‘ಕಾರ್ಬನ್ ಡೇಟಿಂಗ್ ಮಾಡಿಸಿದರೆ ಗೊತ್ತಾಗುತ್ತದೆ’ ಎನ್ನುವವರೂ ಇದ್ದಾರೆ. ಕಾರ್ಬನ್-14 ಪ್ರತಿ 5730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ, ಸುಮಾರು 50 ಸಾವಿರ ವರ್ಷದಾಚೆ ಅಳೆಯುವಷ್ಟು ಉಳಿಯುವುದೇ ಇಲ್ಲ. ಹಳೆಯ ಕಲ್ಲಿಗೆ ಯುರೇನಿಯಂ-ಸೀಸ, ಪೊಟ್ಯಾಸಿಯಂ-ಆರ್ಗಾನ್ ವಿಧಾನಗಳೇ ಬೇಕು. ಅವು ಕೂಡ ಹೆಚ್ಚಾಗಿ ಅಗ್ನಿಶಿಲೆಯ ಹರಳಿಗೆ ಒಗ್ಗುತ್ತವೆ. ಮರಳಿನ ಕಣದ ವಯಸ್ಸು ತೆಗೆದರೆ ಅದು ಯಾವ ಗ್ರಾನೈಟಿನಿಂದ ಸವೆದು ಬಂತೋ ಅದರ ವಯಸ್ಸು ಸಿಗುತ್ತದೆ.

ಹಂತ 5: ನಮ್ಮ ನಿಜವಾದ ಪಳೆಯುಳಿಕೆ, ಸ್ಟ್ರೊಮಾಟೊಲೈಟ್

ಈ ಭಾಗದಲ್ಲಿ ಬರಿಗಣ್ಣಿಗೆ ಕಾಣುವ ಹಳೆಯ ಜೀವದ ಕುರುಹು ಇದೊಂದೇ ಎಂದರೂ ನಡೆಯುತ್ತದೆ. ಲೋಕಾಪುರದಿಂದ ಬಾಗಲಕೋಟೆವರೆಗಿನ ಡೋಲೊಮೈಟ್, ಸುಣ್ಣದ ಕಲ್ಲಿನ ಪಟ್ಟಿಯಲ್ಲಿ ಹುಡುಕಿ. ಆಳವಿಲ್ಲದ ಸಮುದ್ರದ ತಳದಲ್ಲಿ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳಾದ ಸಯನೋಬ್ಯಾಕ್ಟೀರಿಯಾಗಳು ಲೋಳೆಯ ಹಾಸು ಹಾಸುತ್ತಿದ್ದವು. ಅದಕ್ಕೆ ಸುಣ್ಣದ ಕೆಸರು ಅಂಟಿದಾಗ ಬೆಳಕಿಗಾಗಿ ಮೇಲಕ್ಕೆ ಬಂದು ಇನ್ನೊಂದು ಹಾಸು. ಹೀಗೆ ಪದರ ಮೇಲೆ ಪದರ ಏರಿ ಗುಮ್ಮಟ, ಕಂಬಗಳಾದವು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಇಂದಿಗೂ ಬೆಳೆಯುತ್ತಿವೆ.

ಗುರುತಿಸುವ ಕ್ರಮ ಹೀಗೆ. ಪದರಕ್ಕೆ ಅಡ್ಡವಾಗಿ ಒಡೆದ ಮುಖ ಹುಡುಕಿ. ಖಣಿಯ ಗೋಡೆ, ಬಾವಿಯ ದಂಡೆ, ರಸ್ತೆಗಾಗಿ ಕಡಿದ ಗುಡ್ಡ ಒಳ್ಳೆಯ ಜಾಗ. ದೂಳು ತೊಳೆದು ನೀರು ಸಿಂಪಡಿಸಿ. ಒಣಗಿದಾಗ ಬರೀ ಬೂದುಗಲ್ಲು, ಒದ್ದೆಯಾದಾಗ ಗೆರೆಗಳು ಏಳುತ್ತವೆ. ಮಿಲಿಮೀಟರ್ ದಪ್ಪದ ಆ ಗೆರೆಗಳು ಕವುಚಿ ಪೇರಿಸಿಟ್ಟ ಬಟ್ಟಲುಗಳ ಹಾಗೆ ಮೇಲಕ್ಕೆ ಉಬ್ಬಿರಬೇಕು. ಮಸೂರ ಹಿಡಿದು ಒಂದೇ ಗೆರೆಯನ್ನು ಬದಿಯಿಂದ ನೆತ್ತಿಯವರೆಗೆ ಅನುಸರಿಸಿ: ನೆತ್ತಿಯಲ್ಲಿ ದಪ್ಪ, ಬದಿಯಲ್ಲಿ ತೆಳು ಇದ್ದರೆ ಬೆಳೆದದ್ದು ಎನ್ನಲು ಒಳ್ಳೆಯ ಆಧಾರ. ಆಮೇಲೆ ಕಂಬಗಳ ನಡುವಿನ ಸಂದು ನೋಡಿ. ಅಲ್ಲಿ ಒಡೆದ ಚೂರು, ಕೆಸರು ತುಂಬಿದ್ದು ಗೆರೆಗಳು ಸಂದಿಗೆ ಬಂದು ನಿಂತಿದ್ದರೆ ನಂಬಿಕೆ ಇನ್ನಷ್ಟು ಗಟ್ಟಿ. ಕೊನೆಗೆ ಚಾಕುವಿನಿಂದ ಕೆರೆದು ಆ್ಯಸಿಡ್ ಪರೀಕ್ಷೆ. ಕೆಲವು ಕಡೆ ಸಿಲಿಕಾ ಸೇರಿ ಚರ್ಟ್ ಆಗಿರುತ್ತದೆ, ಆಗ ಹನಿಗೆ ಏನೂ ಆಗದಿದ್ದರೂ ಗೆರೆಯ ಆಕಾರವೇ ಸಾಕ್ಷಿ.

ಮೋಸ ಹೋಗುವುದು ಮೂರು ಕಡೆ. ಒತ್ತಡಕ್ಕೆ ಮಡಿಚಿದ ಪದರಗಳಲ್ಲಿ ಉಬ್ಬಿನ ಪಕ್ಕದಲ್ಲೇ ಅಷ್ಟೇ ಗಾತ್ರದ ತಗ್ಗೂ ಇರುತ್ತದೆ, ಮೇಲೆ ಕೆಳಗೆ ಎಲ್ಲ ಪದರೂ ಒಟ್ಟಿಗೆ ಬಾಗಿರುತ್ತವೆ. ಖನಿಜದ ಗಂಟುಗಳಲ್ಲಿ ಗೆರೆ ಸುತ್ತು ಹಾಕಿ ಕೆಳಗೂ ಮುಚ್ಚಿಕೊಳ್ಳುತ್ತದೆ. ಸ್ಟ್ರೊಮಾಟೊಲೈಟ್ ಕೆಳಗೆ ಮುಚ್ಚುವುದಿಲ್ಲ, ಅದಕ್ಕೊಂದು ಬುಡ ಇರುತ್ತದೆ. ಮೂರನೆಯದು ಮರಳುಗಲ್ಲಿನಲ್ಲಿ ಕಬ್ಬಿಣದ ನೀರು ಇಂಗಿ ಆದ ಕೆಂಪು ಬಳೆಗಳು. ಅವು ಪದರದ ಗೆರೆಯನ್ನೇ ದಾಟಿ ಹೋಗುತ್ತವೆ.

ಖಣಿಗೆ ಹೋಗುವಾಗ ಮಾಲೀಕರ ಒಪ್ಪಿಗೆ ಪಡೆದು, ಸ್ಫೋಟದ ಹೊತ್ತು ಕೇಳಿಕೊಳ್ಳಿ. ಕಡಿದ ಗೋಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲಿ ನಿಂತು ಬಿದ್ದ ತುಂಡುಗಳಲ್ಲೇ ಕೆಲಸ ಮಾಡಿ.

ಹಂತ 6: ಕರಿಕಲ್ಲಿನ ನಾಡಿನಲ್ಲಿ

ಲಾವಾದಲ್ಲಿ ಪಳೆಯುಳಿಕೆ ಉಳಿಯುವುದಿಲ್ಲ. ಆದರೆ ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು. ಆಗ ಆದ ಕೆರೆಯ ಕೆಸರು ಗಟ್ಟಿಯಾಗಿ ಬೂದು, ಬಿಳಿ ಚರ್ಟ್ ಪದರಾಗಿ ಸಿಲುಕಿರುತ್ತದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಇಂಥ ಪದರುಗಳಲ್ಲಿ ಸಿಹಿನೀರಿನ ಜೀವಿಗಳ ಪಳೆಯುಳಿಕೆ ಸಿಕ್ಕಿವೆ. ದಖನ್‌ನ ಹಲವೆಡೆ ಫೈಸಾ ಎಂಬ ಸಣ್ಣ ಬಸವನಹುಳು ಇವುಗಳ ಗುರುತು. ವಿಜಯಪುರದಲ್ಲಿ ಕಾಲುವೆ, ಬಾವಿ, ರಸ್ತೆ ಕಡಿದ ಕಡೆ ಎರಡು ಕಪ್ಪು ಪದರಗಳ ನಡುವೆ ತೆಳುವಾದ ತಿಳಿ ಬಣ್ಣದ ಪಟ್ಟಿ ಕಂಡರೆ ಅಲ್ಲಿ ಸಮಯ ಕಳೆಯಿರಿ. ಇಟ್ಟಿಗೆ ಕೆಂಪಿನ ಮಣ್ಣುಪಟ್ಟಿ ಬೇರೆ: ಅದು ಹೆಚ್ಚಾಗಿ ಬಿಡುವಿನಲ್ಲಿ ಹಳತಾದ ಲಾವಾದ ಮೇಲ್ಮೈ, ಅದರ ಮೇಲೆ ಬಿಸಿ ಲಾವಾ ಬಂದು ಸುಟ್ಟಿದ್ದು. ಪಳೆಯುಳಿಕೆ ಅಪರೂಪ, ಆದರೆ ಎಷ್ಟು ಸಲ ಲಾವಾ ಬಂತು ಎಂದು ಎಣಿಸಲು ಅದೇ ಸಾಧನ.

ಬಸಾಲ್ಟ್‌ನ ಗುಳ್ಳೆಗಳಲ್ಲಿ ಆಮೇಲೆ ತುಂಬಿಕೊಂಡ ಬಿಳಿ ಖನಿಜ ನೋಡಲು ಒಡೆಯಬೇಕಿಲ್ಲ. ಗೋಳಗುಮ್ಮಟದ ಕರಿಕಲ್ಲಿನ ಗೋಡೆಯ ಹತ್ತಿರ ಕಣ್ಣಿಟ್ಟು ನೋಡಿದರೆ ಸಾಕು.

ಹಂತ 7: ಹೊಳೆದಂಡೆಯ ಮೂಳೆ

ಗೋಕಾಕ ಸೀಮೆಯಲ್ಲಿ ಘೇಂಡಾಮೃಗ ಇತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್, ತನ್ನ ವರದಿಯಲ್ಲಿ ಚಿಕ್ಡೌಲಿ ಎಂದು ಬರೆದ ಗೋಕಾಕ ತಾಲೂಕಿನ ಊರಿನ ಬಳಿ ಅದರ ಪಳೆಯುಳಿಕೆ ಕಂಡು, 1874ರಲ್ಲಿ ರೈನಾಸರಸ್ ಡೆಕ್ಕನೆನ್ಸಿಸ್ ಎಂಬ ಹೆಸರಿನಲ್ಲಿ ವಿವರಿಸಿದ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಹೊಸದಾಗಿ ಕುಸಿದ ದಂಡೆಗಳನ್ನು ನೋಡುವುದು ವ್ಯರ್ಥವಲ್ಲ. ನವೆಂಬರಿನಿಂದ ಫೆಬ್ರುವರಿ ಸೂಕ್ತ. ಅದಕ್ಕೂ ಮುಂಚೆ ಎರೆ ಮಣ್ಣಿನಲ್ಲಿ ಕಾಲು ಹೂತು ಕೆಲಸ ಸಾಗುವುದಿಲ್ಲ.

ಸಿಗುವುದರಲ್ಲಿ ಹೆಚ್ಚಿನವು ದನದ ಹೊಸ ಮೂಳೆ. ಹಳೆಯದು ಗಾತ್ರಕ್ಕೆ ಹೋಲಿಸಿದರೆ ಭಾರ, ತಟ್ಟಿದರೆ ಕಲ್ಲಿನ ಸದ್ದು. ಅನುಮಾನವಿದ್ದರೆ ತಾನಾಗಿ ಉದುರಿದ ಅಕ್ಕಿಕಾಳಿನಷ್ಟು ಚೂರನ್ನು ಬೆಂಕಿಗೆ ಹಿಡಿಯಿರಿ; ಕೂದಲು ಸುಟ್ಟ ವಾಸನೆ ಬಂದರೆ ಹೊಸದು. ದಂಡೆಯಲ್ಲಿ ಹುದುಗಿರುವುದನ್ನು ಮಾತ್ರ ಎಳೆಯಬೇಡಿ. ಒದ್ದೆ ಮೂಳೆ ಕೈಯಲ್ಲೇ ಪುಡಿಯಾಗುತ್ತದೆ, ಯಾವ ಪದರದಲ್ಲಿತ್ತು ಎಂಬುದೂ ಕೈತಪ್ಪುತ್ತದೆ. ಫೋಟೊ ತೆಗೆದು, ಅದೇ ಮಣ್ಣು ಮುಚ್ಚಿ, ಹಂತ 8ರಲ್ಲಿ ಹೇಳಿರುವವರಿಗೆ ತಿಳಿಸಿ. ಫೆವಿಕಾಲ್ ಬಳಿಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಘಟಪ್ರಭೆಯ ಅನಗವಾಡಿ, ಮಲಪ್ರಭೆಯ ಖ್ಯಾಡದಂಥ ಕಡೆ ಜಲ್ಲಿಪದರಿನಲ್ಲಿ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಅವು ಪಳೆಯುಳಿಕೆಯಲ್ಲ, ಪುರಾತತ್ವದ ವಸ್ತು. ಇದ್ದಲ್ಲೇ ಬಿಡಿ.

ಜನ ತಂದು ತೋರಿಸುವ ‘ಪಳೆಯುಳಿಕೆ’ಗಳು

ಫರಸಿಯ ಮೇಲಿನ ಕಪ್ಪು ಜರೀಗಿಡ ಗಿಡವಲ್ಲ. ಬಿರುಕಿನಲ್ಲಿ ಮ್ಯಾಂಗನೀಸ್ ಕವಲೊಡೆದದ್ದು, ಎಲೆಗೆ ಇರುವ ನಡುನರ ಅದಕ್ಕಿರುವುದಿಲ್ಲ. ಹೊಲದಲ್ಲಿ ಸಿಗುವ ದುಂಡು ‘ಡೈನೋಸಾರ್ ಮೊಟ್ಟೆ’ ಬಸಾಲ್ಟ್ ಸಿಪ್ಪೆ ಸಿಪ್ಪೆಯಾಗಿ ಕಳಚಿ ಉಳಿದ ಗುಂಡು. ಒಡೆದರೆ ಒಳಗೂ ಅದೇ ಕಪ್ಪುಕಲ್ಲು. ಎರೆ ಮಣ್ಣಿನ ಬೆರಳಿನಾಕಾರದ ಬಿಳಿ ಗಂಟುಗಳು ಮೂಳೆಯಲ್ಲ, ಸುಣ್ಣದ ಹರಳು, ಆ್ಯಸಿಡ್‌ಗೆ ಭರ್ರೆಂದು ಬುರುಗು ಬಿಡುತ್ತವೆ. ಬಾದಾಮಿ ಮರಳುಗಲ್ಲಿನ ‘ಹೆಜ್ಜೆ’ಗಳು ಮೆತ್ತನೆಯ ಜಾಗ ಸವೆದು ಆದ ಗುಂಡಿಗಳು.

ಹಂತ 8: ಬರೆಯುವುದು, ತಿಳಿಸುವುದು

ಜಾಗ ಗೊತ್ತಿಲ್ಲದ ಕಲ್ಲಿಗೆ ಬೆಲೆ ಇಲ್ಲ. ಪ್ರತಿ ಮಾದರಿಗೂ ಅಲ್ಲಿಯೇ ಸಂಖ್ಯೆ ಕೊಟ್ಟು, ಊರು, ಸರ್ವೆ ನಂಬರ್, ಜಿಪಿಎಸ್ ಅಂಕಿ 5 ದಶಮಾಂಶದವರೆಗೆ, ದಿನಾಂಕ, ಪದರದ ತಳದಿಂದ ಎಷ್ಟು ಎತ್ತರ, ಓರೆ ಮತ್ತು ದಿಕ್ಕು ಬರೆಯಿರಿ. ಕಲ್ಲಿನ ಮೇಲೆ ಬಾಣದಿಂದ ‘ಮೇಲೆ’ ಎಂದು ಗುರುತಿಸಿ. ಪದರದಲ್ಲೇ ಸಿಕ್ಕಿತೋ ಉರುಳಿ ಬಂದದ್ದೋ ಎಂಬುದನ್ನು ಮರೆಯದೆ ನಮೂದಿಸಿ. ಆಮೇಲೆ ನೆನಪಿನಿಂದ ಬರೆದರೆ ತಪ್ಪುವುದು ಇದೇ. ಮೂರು ಫೋಟೊ ಸಾಕು: ಇಡೀ ಗುಡ್ಡ, ಪದರು, ಪಟ್ಟಿ ಇಟ್ಟು ತೆಗೆದ ಸಮೀಪದ ನೋಟ.

ವಿಶೇಷವೆನಿಸಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅಥವಾ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕಚೇರಿಗೆ ಆ ಫೋಟೊ, ಅಂಕಿಗಳನ್ನು ಕಳಿಸಿ. ಕಲ್ಲನ್ನೇ ಪಾರ್ಸೆಲ್ ಮಾಡಬೇಡಿ, ಅವರು ಜಾಗ ನೋಡಲು ಬಯಸುತ್ತಾರೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕುವುದಾದರೆ ಜಿಪಿಎಸ್ ಅಂಕಿ ತೆಗೆದು ಹಾಕಿ, ಇಲ್ಲದಿದ್ದರೆ ವಾರದೊಳಗೆ ಆ ಬಂಡೆ ಯಾರದೋ ಮನೆಯ ಷೋಕೇಸಿಗೆ ಹೋಗಿರುತ್ತದೆ. ಮನೆಗೆ ತಂದ ಬಿದ್ದ ತುಂಡುಗಳನ್ನು ಆ್ಯಸಿಡ್ ಹೋಗುವಂತೆ ನೀರಿನಲ್ಲಿ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ, ದಿನಪತ್ರಿಕೆಯಲ್ಲಿ ಸುತ್ತಿಡಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಚೀಟಿಗೆ ಬೂಷ್ಟು ಹಿಡಿದು ಅಕ್ಷರ ಅಳಿಸುತ್ತದೆ.